ಹಾರೆಯ ಮೇಲಿನ ಚುಕ್ಕಿ

ಯುದ್ಧದ ಕಾಲ. ಮಂಡ್ಯದಲ್ಲಿ ಹೈಸ್ಕೂಲು ಮುಗಿಸಿ ಊರಿಗೆ ಬಂದು ಕೂತಿದ್ದೆ. ಮದ್ದೂರಿಗೆ ಹತ್ತಿರದ ನಮ್ಮ ಊರಿಗೆ ನಾಲೆ ನೀರು ಹೊಸದಾಗಿ ಬಂದಿತ್ತು. ರಾಗಿ ಹೊಲಗಳನ್ನೆಲ್ಲ ಗದ್ದೆ ಮಾಡುವ ಆತುರ ಎಲ್ಲರಿಗೂ. ಹಳೆಯ ಬಾವಿಯ ಪಕ್ಕದ ಮಣ್ಣುಗುಡ್ಡೆ ಕರಗಿಸುತ್ತಿದ್ದಾಗ ನನ್ನ ಗುದ್ದಲಿಗೆ ಕಬ್ಬಿಣ ತಗುಲಿತು.

ಮಣ್ಣು, ಕಲ್ಲುಚೂರು, ತುಕ್ಕು ಸೇರಿ ಒಂದೇ ಹೆಂಟೆಯಾಗಿತ್ತು. ಉದ್ದನೆಯದು ಹಾರೆ ಎಂದು ತಿಳಿಯಿತು. ಗಿಡ್ಡ ತುಂಡುಗಳು ಏನೆಂದು ಹೊಳೆಯಲಿಲ್ಲ. ಒಂದರ ತಲೆ ಪೆಟ್ಟು ತಿಂದು ಅಣಬೆಯಂತೆ ಹರಡಿತ್ತು, ತುದಿ ಚಪ್ಪಟೆಯಾಗಿತ್ತು. ಆಗ ಗೊತ್ತಾಯಿತು, ಕಲ್ಲು ಸೀಳುವ ಚಾಣಗಳು.

ಸುದ್ದಿ ಕೇಳಿ ಚಿಕ್ಕಮ್ಮ ಓಡಿಬಂದರು. ಮಕ್ಕಳಿಲ್ಲದೆ ವಿಧವೆಯಾಗಿ ಮಳವಳ್ಳಿ ಕಡೆಯ ತವರು ಸೇರಿದ್ದವರು, ಆಗ ಗಂಡನ ಪಾಲು ಕೇಳಿಕೊಂಡು ನಮ್ಮ ಮನೆಯಲ್ಲೇ ಬಂದು ಕೂತಿದ್ದರು. ಬಾವಿ ತೋಡಿದ ಮಗನಿಗೆ ಬಾವಿಯ ಕೆಳಗಿನ ಹೊಲದ ಪಟ್ಟಿ ಎಂದು ನಮ್ಮ ತಾತ ಹೇಳಿದ್ದರಂತೆ. ತೋಡಿದ್ದು ತನ್ನ ಗಂಡ, ಆದ್ದರಿಂದ ಆ ಪಟ್ಟಿ ತನ್ನದು ಎಂಬುದು ಅವರ ಮಾತು. ಅಪ್ಪ ಒಪ್ಪಿರಲಿಲ್ಲ.

"ಬಾವಿ ತೋಡ್ಸಿದ್ದು ನಮ್ಮಪ್ಪ, ಕೂಲಿಯೋರ ಕೈಲಿ. ನಿನ್ ಗಂಡ ಬುಟ್ಟೀಲಿ ಮಣ್ ಒತ್ತಿದ್ದ, ಅಷ್ಟೇ ಕಣಮ್ಮ."

"ಮಣ್ ಒರೋನಿಗೆ ಚಾಣ ಯಾಕ್ ಭಾವ? ಹಲ್ಲುಜ್ಜಕಾ?"

"ಕೂಲಿಯೋರು ಬುಟ್ಟೋಗಿರೋವು."

ಚಿಕ್ಕಮ್ಮ ನನ್ನ ಕಡೆ ತಿರುಗಿದರು. "ಉಜ್ಜು ಮಗ. ನಿಮ್ ಚಿಕ್ಕಪ್ಪನ ಗುರುತು ಇದ್ದೇ ಇರ್ತದೆ."

ಊರಿನ ಹತಾರಗಳೆಲ್ಲ ಕುಲುಮೆಯಲ್ಲಿ ಒಂದೇ ರಾಶಿಗೆ ಬೀಳುತ್ತಿದ್ದುದರಿಂದ ಪ್ರತಿ ಮನೆಯವರೂ ತಮ್ಮ ಕಬ್ಬಿಣದ ಮೇಲೆ ಗುರುತು ಹಾಕಿಸುತ್ತಿದ್ದರು. ನಮ್ಮದು ಎರಡು ಗೀಟು. ಅಣ್ಣತಮ್ಮಂದಿರೂ ತನ್ನ ಹಾರೆ ಮುಟ್ಟಬಾರದೆಂದು ಚಿಕ್ಕಪ್ಪ ಗೀಟಿನ ಕೆಳಗೆ ಒಂದು ಚುಕ್ಕಿ ಹೊಡೆಸಿದ್ದರಂತೆ. ಚುಕ್ಕಿ ಇದ್ದರೆ ಪಟ್ಟಿ ಚಿಕ್ಕಮ್ಮನಿಗೆ ಎಂದು ಊರಿನ ಹಿರಿಯರು ಹೇಳಿದರು. ಅಪ್ಪನೂ ತಲೆಯಾಡಿಸಿದರು.

ಹಾರೆಗೆ ಹೊಂಗೆ ಎಣ್ಣೆಯಲ್ಲಿ ನೆನೆಸಿದ ಬಟ್ಟೆ ಸುತ್ತಿಟ್ಟೆ. ಕೆಲವು ದಿನ ಬಿಟ್ಟು ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿದರೆ ತುಕ್ಕು ಹಪ್ಪಳದಂತೆ ಏಳುತ್ತಿತ್ತು. ಆಮೇಲೆ ಇಟ್ಟಿಗೆ ಪುಡಿ, ತೆಂಗಿನ ನಾರು. ಹಿಡಿಯ ಕಡೆ ಎರಡು ಗೀಟು ಕಂಡವು. ಅದರ ಕೆಳಗೆ ಒಂದು ಗುಳಿ.

ಗುಳಿಗಳು ಹಾರೆಯ ಮೈತುಂಬ ಇದ್ದವು. ದಬ್ಬಳದ ಮೊನೆಯಿಂದ ಒಂದೊಂದನ್ನೇ ಕೆದಕಿದೆ. ತುಕ್ಕು ತಿಂದ ಗುಳಿಯ ತಳ ಒರಟು, ದಬ್ಬಳ ತಡೆದು ತಡೆದು ಹೋಗುತ್ತದೆ. ಗೀಟಿನ ಕೆಳಗಿನದರ ತಳ ಬಟ್ಟಲಿನಂತೆ ನುಣುಪಾಗಿತ್ತು. ಸುತ್ತ ಕಬ್ಬಿಣ ತುಸು ಉಬ್ಬಿತ್ತು. ಯಾರೋ ದುಂಡು ಮೊನೆಯ ಉಳಿ ಇಟ್ಟು ಹೊಡೆದದ್ದು. ನನಗೆ ಸಂಶಯವೇ ಉಳಿಯಲಿಲ್ಲ.

ಅಪ್ಪ ಬಂದು ಪಕ್ಕದಲ್ಲಿ ಕೂತರು. ಹಾರೆಯನ್ನು ನೋಡಲಿಲ್ಲ.

"ಆ ಪಟ್ಟಿ ನಿನ್ ಪಾಲ್ಗೆ ಅಂತ ಮಡ್ಗಿದೀನಿ ಕಣ್ಲಾ," ಎಂದು ಹೇಳಿ ಎದ್ದು ಹೋದರು.

ನಮ್ಮ ಜಗುಲಿಯ ಮೇಲೆ ಹಾರೆ ಕೈಯಿಂದ ಕೈಗೆ ಹೋಯಿತು. ಹಿರಿಯರ ಕಣ್ಣು ಮಂಜು. ಒಬ್ಬರು ಚುಕ್ಕಿ ಅಂದರು, ಇನ್ನೊಬ್ಬರು ನಕ್ಕರು. "ಇಂಥವು ಮೈತುಂಬ ಅವೆ ಕಣಯ್ಯ. ಇದ್ಕೇನು ಸಿಡುಬಾಗಿತ್ತಾ?" ಕೊನೆಗೆ ನನ್ನನ್ನು ಕೇಳಿದರು.

"ಉಜ್ಜಿದೋನು ನೀನು, ಓದಿರೋನು ಬೇರೆ. ನೀನೇ ಯೋಳ್ಬುಡಪ್ಪ. ಚುಕ್ಕಿಯಾ, ತುಕ್ಕಾ?"

ಚಿಕ್ಕಮ್ಮ ಬಾಗಿಲ ಮರೆಯಿಂದ ನನ್ನನ್ನೇ ನೋಡುತ್ತಿದ್ದರು.

"ಗೊತ್ತಾಗಲ್ಲ," ಎಂದೆ. "ತುಕ್ಕು ಬಾಳ ತಿಂದ್ಬುಟ್ಟದೆ."

ಸುಳ್ಳು ಹೇಳಲಿಲ್ಲ, ಗೊತ್ತಿಲ್ಲ ಎಂದೆನಷ್ಟೇ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಬೇರೆ ಆಡಿಲ್ಲ.

ಪಟ್ಟಿ ನಮ್ಮಲ್ಲೇ ಉಳಿಯಿತು. ಚಿಕ್ಕಮ್ಮ ಜಗಳ ತೆಗೆಯಲಿಲ್ಲ. ಹಾರೆಯನ್ನು ಮಾತ್ರ ಕೇಳಿದರು. ಕಬ್ಬಿಣ ಸಿಗದ ಆ ಕಾಲದಲ್ಲೂ ಅಪ್ಪ ತಟ್ಟನೆ ಕೊಟ್ಟುಬಿಟ್ಟರು. ಅದನ್ನು ಹೆಗಲ ಮೇಲೆ ಹೊತ್ತು ಮದ್ದೂರಿನವರೆಗೆ ನಾನೇ ಅವರ ಜೊತೆ ಹೋದೆ. ಮಳವಳ್ಳಿಯ ಬಸ್ಸು ನಿಂತಿತ್ತು. ಪೆಟ್ರೋಲಿಲ್ಲದೆ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು. ಕ್ಲೀನರು ಹಿಂದೆ ನಿಂತು ಒಲೆಗೆ ಗಾಳಿ ಊದುವ ಚಕ್ರ ತಿರುಗಿಸುತ್ತಿದ್ದ.

ಚಿಕ್ಕಮ್ಮ ಒಳಗೆ ಕೂತು ಹಾರೆಯನ್ನು ಕಾಲ ಬಳಿ ಮಲಗಿಸಿದರು. ಸೆರಗಿನ ತುದಿಯಿಂದ ಒಮ್ಮೆ ಒರೆಸಿದರು.

"ಚೆನ್ನಾಗಿ ಉಜ್ಜಿದೀಯ ಮಗ," ಎಂದರು. "ಅವ್ರು ಇದ್ದಿದ್ರೂ ಇಷ್ಟ್ ಚೆನ್ನಾಗಿ ಮಡೀಕತಿರ್ನಿಲ್ಲ."

ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ನಾನು ನಿಜವಾಗಿಯೂ ತಿಳಿಯದೆ ಹಾಗೆ ಹೇಳಿದೆ ಎಂದೇ ಅವರು ನಂಬಿದ್ದರು. ಇದ್ದಿಲಿಗೆ ಬೆಂಕಿ ಹತ್ತಲು ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ನಾನು ಕಿಟಕಿಯ ಕೆಳಗೇ ನಿಂತು ಊರಿನ ಮಾತು, ಮಳೆಯ ಮಾತು ಆಡಿದೆ.