ಯಾವ ತಟ್ಟೆಯಲ್ಲಿ ಅಳೆದೆ

ನನ್ನ ಯಜಮಾನರು ಜೋಸಾಮು ಚಿಂಗಾಯಿಪೆ ಮೂವತ್ತೊಂದು ವರ್ಷ ಒಂದೇ ಶಾಲೆಯಲ್ಲಿ ಏಳನೇ ತರಗತಿಗೆ ಲೆಕ್ಕ ಹೇಳಿದರು. ಎತ್ತರದ ಆಳು, ಸ್ವಲ್ಪ ಬಾಗಿ ನಡೆಯುತ್ತಿದ್ದರು. ಎಷ್ಟು ಒಗೆದರೂ ಅಂಗಿಯ ಬಲತೋಳಿನಿಂದ ಸೀಮೆಸುಣ್ಣ ಹೋಗುತ್ತಿರಲಿಲ್ಲ. ಅವರನ್ನು ಮಣ್ಣು ಮಾಡಿ ಎರಡು ತಿಂಗಳಾಯಿತು. ಊರಲ್ಲಿ ಅವರಿಗೆ ಇನ್ನೊಂದು ಹೆಸರಿತ್ತು, ಹಸಿವಿನ ಮೇಷ್ಟ್ರು. ಆ ಹೆಸರು ಅವರಿಗೆ ಬಂದದ್ದು ನನ್ನಿಂದ.

ನನ್ನ ಶಾಲೆ ಎರಡನೇ ತರಗತಿಗೇ ಮುಗಿದಿತ್ತು. ಅವರು ಅದನ್ನು ಒಂದು ದಿನವೂ ಆಡಿಕೊಳ್ಳಲಿಲ್ಲ. ಸಂಜೆ ಒಲೆಯ ಪಕ್ಕ ಕೂತು ಕೇಳುತ್ತಿದ್ದರು.

"ಎನೆಲೆಸ್, ಐದು ಜನಕ್ಕೆ ಮುದ್ದೆ ಮಾಡೋಕೆ ಎಷ್ಟು ತಟ್ಟೆ ಹಿಟ್ಟು ಹಾಕ್ತೀಯ?"

"ಎರಡು."

"ಹತ್ತು ಜನ ಬಂದ್ರೆ?"

"ನಾಲ್ಕು. ಇದೇನು ಕೇಳೋ ಮಾತಾ?"

"ನೋಡು, ನಿಂಗೆ ಅನುಪಾತ ಬರುತ್ತೆ. ನನ್ನ ಕ್ಲಾಸಲ್ಲಿ ಅರ್ಧ ಮಕ್ಕಳಿಗೆ ಬರಲ್ಲ."

ಮಾರನೇ ದಿನ ಮಕ್ಕಳಿಗೆ ಅದೇ ಲೆಕ್ಕ. ನಾನು ನೀರಿಗೆ ಹೋಗುವಾಗ ಮಕ್ಕಳು "ಎರಡಕ್ಕೆ ಐದು, ಎರಡಕ್ಕೆ ಐದು" ಎಂದು ಹಾಡುತ್ತಾ ಹಿಂದೆ ಬರುತ್ತಿದ್ದರು. ಬೈದಂತೆ ಮಾಡುತ್ತಿದ್ದೆ. ಒಳಗೆ ಹೆಮ್ಮೆ.

ಊರ ಮುಖ್ಯಸ್ಥನ ಅಕ್ಕ ತೀರಿಕೊಂಡಾಗ ಅಡುಗೆಯ ಯಜಮಾನಿಕೆ ನನಗೆ ಕೊಟ್ಟರು. ಸಾವಿನ ಮನೆಗೆ ಹೆಂಗಸರು ತಲೆಯ ಮೇಲೆ ಮೆಕ್ಕೆಜೋಳದ ಹಿಟ್ಟಿನ ಬುಟ್ಟಿ ಹೊತ್ತು ಬರುತ್ತಾರೆ. ಬಂದದ್ದನ್ನು ಅಳೆದು ಸಾಕೋ ಬೇಕೋ ಹೇಳುವವಳು ಒಲೆಯ ಯಜಮಾನಿ. ನನಗಿಂತ ಹಿರಿಯರು ನಾಲ್ಕೈದು ಜನ ಇದ್ದರು. ಅವರನ್ನು ಬಿಟ್ಟು ನನ್ನನ್ನು ಕರೆದರಲ್ಲ ಎಂದು ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ನೂರೈವತ್ತು ಜನ ಎಂದರು. ಗಂಡಸರು ಕೂತಿದ್ದ ಮರದ ಕಡೆ ಹೋಗಿ ಯಜಮಾನರನ್ನು ಕರೆದುಕೊಂಡು ಬಂದೆ. ಅವರು ಕಡ್ಡಿಯಿಂದ ನೆಲದ ಮೇಲೆ ಬರೆದರು. ಎರಡು ತಟ್ಟೆಗೆ ಐದು ಜನ. ಎಷ್ಟು ತಟ್ಟೆಗೆ ನೂರೈವತ್ತು?

"ಐದರ ಮೂವತ್ತು ಪಟ್ಟು ನೂರೈವತ್ತು. ಜನ ಮೂವತ್ತು ಪಟ್ಟಾದ್ರೆ ಹಿಟ್ಟೂ ಮೂವತ್ತು ಪಟ್ಟು. ಅರವತ್ತು ತಟ್ಟೆ." ತಲೆ ಎತ್ತಿ ಕೇಳಿದರು, "ಯಾವ ತಟ್ಟೇಲಿ ಅಳೀತಿದ್ದೀಯ?"

"ತಟ್ಟೆ ಅಂದ್ರೆ ತಟ್ಟೆ. ಒಲೆ ವಿಷ್ಯ ನಂಗೇ ಹೇಳ್ಕೊಡ್ತೀರಾ?"

ಹೆಂಗಸರೆಲ್ಲ ನಕ್ಕರು. ಅವರೂ ನಕ್ಕು ಕಡ್ಡಿ ಬಿಸಾಕಿ ಹೋದರು.

ಮನೆಯಲ್ಲಿ ನನ್ನ ಅಳತೆ ನೀಲಿ ಅಂಚಿನ ದೊಡ್ಡ ತಟ್ಟೆ. ಮದುವೆಯ ವರ್ಷ ಅವರು ದೆಡ್ಜಾ ಪೇಟೆಯಿಂದ ತಂದದ್ದು. ಸಾವಿನ ಮನೆಯಲ್ಲಿ ಕೈಗೆ ಸಿಕ್ಕಿದ್ದು ಸಣ್ಣ ತಗಡಿನ ತಟ್ಟೆ. ಅದರಲ್ಲಿ ಅರವತ್ತು ಎಣಿಸಿದೆ. ಅಷ್ಟರಲ್ಲಿ ಹೊಳೆಯಾಚೆಯ ಹೆಂಗಸರು ಇನ್ನೂ ಎಂಟು ಬುಟ್ಟಿ ಹೊತ್ತು ಬಂದರು.

"ಸಾಕು, ವಾಪಸ್ ತಗೊಂಡೋಗಿ" ಎಂದೆ.

ನಾಫಿರಿ ಅಜ್ಜಿ ಸೌದೆ ಒಟ್ಟುತ್ತಿದ್ದಳು. "ಇಟ್ಕೊಳ್ಳೇ. ಸಾವಿನ ಮನೇಲಿ ಹಿಟ್ಟು ವಾಪಸ್ ಕಳಿಸ್ತಾರೇನೇ?"

"ಲೆಕ್ಕ ಹಾಕಿದೀವಿ ಅಜ್ಜಿ" ಎಂದೆ.

ಗುಂಡಿ ತೋಡಿದ ಹನ್ನೆರಡು ಜನ ಮಣ್ಣು ಮುಚ್ಚಿ, ಕೈಕಾಲು ತೊಳೆದು ಬಂದು ಕೂತಾಗ ಮಡಕೆ ಖಾಲಿ. ಕೆರೆದರೂ ಏನೂ ಇಲ್ಲ. ಅವರ ಹಿಂದೆ ಇನ್ನೂ ಮೂವತ್ತೆಂಟು ಜನ ಕೈ ತೊಳೆದು ನಿಂತಿದ್ದರು. ಗುಂಡಿ ತೋಡಿದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವುದಕ್ಕಿಂತ ದೊಡ್ಡ ಅವಮಾನ ನಮ್ಮಲ್ಲಿ ಇಲ್ಲ. ಅದು ಸತ್ತವರಿಗೂ ತಟ್ಟುತ್ತದೆ.

ಮುಖ್ಯಸ್ಥ ಎದ್ದು ನಿಂತ. "ಯಾರು ಲೆಕ್ಕ ಹಾಕಿದ್ದು?"

ಯಜಮಾನರು ಒಲೆಯ ಹತ್ತಿರ ಬಂದರು. ನನ್ನ ಕೈಯಲ್ಲಿದ್ದ ತಗಡಿನ ತಟ್ಟೆ ನೋಡಿದರು. ನನ್ನ ಮುಖ ನೋಡಲಿಲ್ಲ. ತಿರುಗಿ, "ನಾನು. ಗುಣಿಸೋದ್ರಲ್ಲಿ ತಪ್ಪಿದೆ" ಎಂದರು.

"ಹಾಗಾದ್ರೆ ನಿಮ್ಮ ಸೀಮೆಸುಣ್ಣ ಬೇಯ್ಸಿ ಬಡಿಸಿ ಮೇಷ್ಟ್ರೇ" ಎಂದ ಒಬ್ಬ.

ನಾನು ಬಾಯಿ ಬಿಡಲಿಲ್ಲ.

ಮರುದಿನ ಅವರು ಆ ಸಣ್ಣ ತಟ್ಟೆಯನ್ನು ಕೇಳಿ ತಂದರು. ಅಂಗಳದಲ್ಲಿ ಕೂತು ಹಿಟ್ಟು ಅಳೆದರು. ದೊಡ್ಡದು ಎರಡಾದರೆ ಸಣ್ಣದು ಮೂರು.

"ತೊಂಬತ್ತು ಬೇಕಿತ್ತು. ನೀನು ಅಳೆದದ್ದು ನೂರು ಜನಕ್ಕೆ ಸರಿ. ಅನುಪಾತ ಸುಳ್ಳು ಹೇಳಲ್ಲ, ಎರಡೂ ಕಡೆ ಒಂದೇ ತಟ್ಟೆ ಇರ್ಬೇಕು ಅಷ್ಟೆ."

"ಹೋಗಿ ಹೇಳ್ಬಿಡಿ" ಎಂದೆ. ಹೇಳಬಾರದು ಎಂದೇ ಮನಸ್ಸಿನಲ್ಲಿ ಇತ್ತು. ಅದು ಅವರಿಗೆ ತಿಳಿಯಿತು.

"ಹೇಳಿದ್ರೆ ನಿನ್ನ ಒಲೆಯಿಂದ ಎಬ್ಬಿಸ್ತಾರೆ. ನನ್ನ ಏನು ಮಾಡ್ತಾರೆ? ನಗ್ತಾರೆ."

ನಕ್ಕರು. ಹದಿನಾಲ್ಕು ವರ್ಷ ನಕ್ಕರು. ಮದುವೆಮನೆಯಲ್ಲಿ ಅವರು ಬಂದರೆ "ಮೇಷ್ಟ್ರು ಬಂದ್ರು, ಮಡಕೆ ಮುಚ್ರಪ್ಪ" ಎನ್ನುತ್ತಿದ್ದರು. ಸುಗ್ಗಿಯಲ್ಲಿ ಚರ್ಚಿನ ಜೋಳ ಅಳೆದು ಬಡವರಿಗೆ ಹಂಚುವ ಕೆಲಸ ಮೊದಲಿನಿಂದ ಅವರದು. ಅದನ್ನು ಕಿತ್ತು ಬೇರೆಯವರಿಗೆ ಕೊಟ್ಟರು. ಆ ದಿನ ಮಾತ್ರ ಅವರು ಊಟ ಮಾಡಲಿಲ್ಲ. ನಾನು ಆಮೇಲೆ ಎಲ್ಲಿಗೆ ಹೋದರೂ ನೀಲಿ ಅಂಚಿನ ತಟ್ಟೆ ಹೊತ್ತುಕೊಂಡೇ ಹೋದೆ. ನನ್ನ ಅಳತೆ ಮತ್ತೆ ತಪ್ಪಲಿಲ್ಲ. "ಮೇಷ್ಟ್ರಿಗಿಂತ ಹೆಂಡ್ತೀನೇ ವಾಸಿ" ಎಂದರು. ಅದನ್ನೂ ಕೇಳಿಸಿಕೊಂಡು ಸುಮ್ಮನಿದ್ದೆ.

ವರ್ಷಕ್ಕೊಂದು ಸಲ, ಅನುಪಾತದ ಪಾಠ ಬಂದಾಗ, ಅವರು ಎರಡೂ ತಟ್ಟೆ ಚೀಲಕ್ಕೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದರು. ಯಾಕೆ ಎಂದು ನಾನು ಕೇಳುತ್ತಿರಲಿಲ್ಲ.

ಎದೆನೋವು ಬಂದು ಎರಡೇ ದಿನಕ್ಕೆ ಹೋದರು. ನಾನು ಮುಸುಕು ಹಾಕಿ ಚಾಪೆಯ ಮೇಲೆ ಕೂತೆ. ಚಾಪೆಯ ಮೇಲಿರುವ ವಿಧವೆ ದನಿ ಎತ್ತಬಾರದು. ಗುಂಡಿ ತೋಡುವವರಿಗೆ ಮಾತ್ರ ಸಾವಿನ ಮನೆಯಲ್ಲಿ ಏನು ತಮಾಷೆ ಮಾಡಿದರೂ ನಡೆಯುತ್ತದೆ. ಅವರ ಮುಂದಾಳು ಮಾವುತೊ, ಯಜಮಾನರ ಶಿಷ್ಯನೇ, ಪೆಟ್ಟಿಗೆಯ ಪಕ್ಕ ಗುದ್ದಲಿ ಊರಿ ನಿಂತ.

"ಮೊದ್ಲು ಮುದ್ದೆ ತೋರ್ಸಿ, ಆಮೇಲೆ ಪೆಟ್ಟಿಗೆ ಎತ್ತೀವಿ. ಹಸಿವಿನ ಮೇಷ್ಟ್ರು ಹೋಗೋಕೆ ಮುಂಚೆ ಇವತ್ತಿಂದೂ ಲೆಕ್ಕ ಹಾಕಿಟ್ಟಿದ್ದಾರೋ ಏನೋ!"

ಅಳುತ್ತಿದ್ದವರೂ ನಕ್ಕರು. ಈಗ ಪೆಟ್ಟಿಗೆ ಎತ್ತಿದರೆ ಅವರನ್ನು ಆ ಹೆಸರಿನ ಜೊತೆಗೇ ಹೂಳುತ್ತಾರೆ, ಆಮೇಲೆ ನಾನು ಏನು ಹೇಳಿದರೂ ಪ್ರಯೋಜನವಿಲ್ಲ ಎನ್ನಿಸಿತು. ಮುಸುಕು ತೆಗೆದು ಎದ್ದೆ.

"ಲೆಕ್ಕ ಅವರದು ಸರಿ ಇತ್ತು. ತಟ್ಟೆ ನನ್ನದು ತಪ್ಪು."

ಯಾರೋ ಸೆರಗು ಜಗ್ಗಿದರು. ನಾನು ಕೂರಲಿಲ್ಲ. ದೊಡ್ಡ ತಟ್ಟೆ, ಸಣ್ಣ ತಟ್ಟೆ, ಅರವತ್ತು, ತೊಂಬತ್ತು, ವಾಪಸ್ ಕಳಿಸಿದ ಎಂಟು ಬುಟ್ಟಿ, ಎಲ್ಲ ಹೇಳಿದೆ. ಯಾವ ತಟ್ಟೆ ಎಂದು ಅವರು ಕೇಳಿದ್ದನ್ನೂ ನಾನು ಕೊಟ್ಟ ಉತ್ತರವನ್ನೂ ಹೇಳಿದೆ.

ಮಾವುತೊ ಗುದ್ದಲಿ ಕೆಳಗಿಟ್ಟ. "ಎರಡು ತಟ್ಟೆ ಮೇಜಿನ ಮೇಲಿಟ್ಟು 'ಮೊದ್ಲು ಏನು ಕೇಳ್ಬೇಕು?' ಅಂತಿದ್ರು ಮೇಷ್ಟ್ರು. 'ಯಾವ ತಟ್ಟೆ' ಅಂತ ಕೂಗ್ತಿದ್ವಿ. ಯಾರ ತಟ್ಟೆ ಅಂತ ನಾವು ಕೇಳ್ಲೇ ಇಲ್ಲ, ಅಮ್ಮ."

ಅವನು ಮತ್ತೆ ತಮಾಷೆ ಮಾಡಲಿಲ್ಲ. ಮುದ್ದೆ ಕೇಳದೆ ಪೆಟ್ಟಿಗೆ ಎತ್ತಿದರು.

ವಿಧವೆ ದನಿ ಎತ್ತಬಾರದೆಂದು ನನ್ನ ಸೆರಗು ಜಗ್ಗಿದ್ದು ನಾಫಿರಿ ಅಜ್ಜಿ. ಈಗ ಕಣ್ಣು ಕಾಣದ ಅವಳು ನನ್ನ ಕಿವಿಯ ಹತ್ತಿರ ಬಂದು ಹೇಳಿದಳು. "ನಂಗೆ ಅವತ್ತೇ ಗೊತ್ತಿತ್ತು ಕಣೇ. ನಿನ್ನ ಬಾಯಿಂದ ಬರ್ಲಿ ಅಂತ ಕಾದೆ. ಅವನು ಇರೋವಾಗ ಬರ್ಬೇಕಿತ್ತು."

ಅವಳ ಕೈ ಹಿಡಿದು ಪೆಟ್ಟಿಗೆಯ ಹಿಂದೆ ನಡೆದೆ.

ಈಗ ನಾನು ಒಲೆಯ ಯಜಮಾನಿ ಅಲ್ಲ. ಯಾರೂ ಎಬ್ಬಿಸಲಿಲ್ಲ, ನಾನೇ ಎದ್ದು ಬಂದೆ. ಪಾತ್ರೆ ತೊಳೆಯುತ್ತೇನೆ. ನೀಲಿ ಅಂಚಿನ ತಟ್ಟೆಯನ್ನು ಹೊಸ ಯಜಮಾನಿಗೆ ಕೊಟ್ಟೆ. ತಗಡಿನದು ನನ್ನ ಹತ್ತಿರ ಇದೆ. ಒಬ್ಬಳ ಊಟಕ್ಕೆ ಹಿಟ್ಟು ಅದರಲ್ಲೇ ಅಳೆಯುತ್ತೇನೆ. ಅರ್ಧ ತಟ್ಟೆ ಸಾಕು. ಅದೂ ಉಳಿಯುತ್ತದೆ.