ಪಟ್ಟದ ಗೊಂಬೆಗಳ ಕೋಟೆಗೊಂದು ಕಕ್ಕಸು

ರಟ್ಟಿನ ಗೋಪುರದ ಗೋಡೆಯಿಂದ ಹೊರಕ್ಕೆ ಚಾಚಿಕೊಂಡಿದ್ದ ಪುಟ್ಟ ಪೆಟ್ಟಿಗೆಯನ್ನು ಅತ್ತೆ ಬೆರಳ ತುದಿಯಿಂದ ಮುಟ್ಟಿ ನೋಡಿದರು.

"ಇದೇನೇ ಪುಟ್ಟಿ, ಬಾಲ್ಕನಿನಾ?"

"ನೋ ಅಜ್ಜಿ. ಟಾಯ್ಲೆಟ್," ಎಂದಳು ನನ್ನ ಮಗಳು, ಕೈಗಂಟಿದ ಗೋಂದು ಒರೆಸಿಕೊಳ್ಳುತ್ತಾ.

ಅತ್ತೆ ಬೆರಳನ್ನು ಹಿಂದಕ್ಕೆಳೆದುಕೊಂಡರು.

ಮಾರನೆಯ ದಿನವೇ ನವರಾತ್ರಿ. ಪರದೇಶದ ಅಲೆನ್ ಊರಿನ ನಮ್ಮ ಮನೆಯಲ್ಲಿ ಪ್ರತಿ ವರ್ಷವೂ ಗೊಂಬೆ ಕೂರಿಸುತ್ತೇವೆ. ಮೆಟ್ಟಿಲುಗಳ ಮೇಲೆ ಕಲಶ, ದೇವರುಗಳು, ನನ್ನ ಮದುವೆಯಲ್ಲಿ ತವರಿನವರು ಕೊಟ್ಟ ರಾಜ-ರಾಣಿಯ ಪಟ್ಟದ ಗೊಂಬೆಗಳು. ಕೆಳಗೆ ನೆಲದ ಮೇಲೆ ಆಟಿಕೆಗಳದೊಂದು ಪಾರ್ಕು. ಹಿಂದಿನ ವರ್ಷ ಮಗಳು "ದಟ್ಸ್ ಯುವರ್ ಥಿಂಗ್, ಅಮ್ಮಾ" ಎಂದು ರೂಮಿನ ಬಾಗಿಲು ಹಾಕಿಕೊಂಡವಳು ಆರತಿಗೂ ಹೊರಗೆ ಬಂದಿರಲಿಲ್ಲ. ಬಂದವರೆಲ್ಲ ಮಗಳೆಲ್ಲಿ ಎಂದು ಕೇಳುವಾಗ, "ಹೋಮ್‌ವರ್ಕ್" ಎನ್ನುತ್ತಾ ಕುಂಕುಮ ಕೊಟ್ಟಿದ್ದೆ. ಈ ಸಲ ಅವಳೇ ಬಂದು, ಪಾರ್ಕು ತಾನೇ ಮಾಡುತ್ತೇನೆ ಎಂದಿದ್ದಳು. ಅವಳು ಹಜಾರದಲ್ಲಿ ಕೂತಿದ್ದರೆ ಸಾಕು, ಏನು ಬೇಕಾದರೂ ಕಟ್ಟಿಕೊಳ್ಳಲಿ ಎಂದುಕೊಂಡಿದ್ದೆ ನಾನು.

ಇದಕ್ಕೆಲ್ಲ ಕಾರಣ ಬೇಸಿಗೆ ರಜೆಯಲ್ಲಿ ವೇಲ್ಸ್‌ನಲ್ಲಿ ನೋಡಿದ ಒಂದು ಹಳೆಯ ಕೋಟೆ. ಸಮುದ್ರದ ಅಂಚಿನಲ್ಲಿ, ಅರ್ಧ ಕುಸಿದು, ಇನ್ನರ್ಧ ಗಟ್ಟಿಯಾಗಿ ನಿಂತಿತ್ತು. ಬಾಣ ಬಿಡುವ ಕಿಂಡಿಗಳು ಹೊರಗಿನಿಂದ ಬರೀ ಒಂದು ಗೀರು. ಒಳಗೆ ಹೋದರೆ ಒಬ್ಬರು ಆರಾಮವಾಗಿ ಕೂರುವಷ್ಟು ಅಗಲ. ಸುರುಳಿ ಮೆಟ್ಟಿಲು ಬಲಕ್ಕೇ ತಿರುಗುತ್ತಾ ಏರುತ್ತಿತ್ತು. ಪ್ರತಿ ಮೆಟ್ಟಿಲೂ ನಡುವೆ ಬಟ್ಟಲಿನಂತೆ ಸವೆದಿತ್ತು. ಅಷ್ಟು ಹೊತ್ತೂ ಫೋನ್ ನೋಡುತ್ತಿದ್ದ ಮಗಳು ಮೇಲಿನ ಮೂಲೆಯೊಂದರಿಂದ ಕೂಗಿ ಕರೆದಳು. ಗೋಡೆಯ ದಪ್ಪದೊಳಗೇ ಒಂದು ಗೂಡು, ಅದರಲ್ಲಿ ಹೊರಕ್ಕೆ ಚಾಚಿದ ಕಲ್ಲಿನ ಪೀಠ, ನಡುವೆ ದುಂಡನೆಯ ತೂತು. ಬಗ್ಗಿ ನೋಡಿದರೆ ಬಹಳ ಕೆಳಗೆ ಹಸಿರು ಹುಲ್ಲು, ಒಂದು ಕುರಿ. ಪಕ್ಕದ ಬೋರ್ಡನ್ನು ಅವಳು ಎರಡು ಸಲ ಓದಿದಳು. ಆಮೇಲೆ ಇಡೀ ಕೋಟೆಯನ್ನು ನಮಗೆ ತೋರಿಸಿದ್ದು ಅವಳೇ.

ಈಗ ಅದೇ ಕೋಟೆ, ಆನ್‌ಲೈನ್ ಸಾಮಾನು ಬಂದ ರಟ್ಟಿನ ಡಬ್ಬಗಳಲ್ಲಿ, ಮೆಟ್ಟಿಲುಗಳ ಬುಡಕ್ಕೆ ಬಂದು ನಿಂತಿತ್ತು. ಮೊಟ್ಟೆಯ ಟ್ರೇ ಹರಿದು ಅಂಟಿಸಿದ ಕಲ್ಲುಗಳು, ಕಂದಕಕ್ಕೆ ಫಾಯಿಲ್ ತಟ್ಟೆಯಲ್ಲಿ ನೀರು. ಎತ್ತಿ ಇಳಿಸುವ ಸೇತುವೆಗೆ ನನ್ನ ಕಸೂತಿ ಪೆಟ್ಟಿಗೆಯ ರೇಷ್ಮೆ ದಾರ. ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದ ಅತ್ತೆ ಅದುವರೆಗೆ ಎಲ್ಲವನ್ನೂ ಮೆಚ್ಚಿದ್ದರು.

"ದೇವರ ಕಾಲ ಬುಡದಲ್ಲಿ ಕಕ್ಕಸಾ? ತೆಗಿಸಮ್ಮ," ಎಂದರು ನನಗೆ.

ನಾನು ಓದಿದ ಕಾನ್ವೆಂಟಿನಲ್ಲಿ ಆ ಪದವನ್ನೇ ಬಾಯಿಗೆ ತರುವಂತಿರಲಿಲ್ಲ. ಎದ್ದು ನಿಂತು, ಎಕ್ಸ್‌ಕ್ಯೂಸ್ ಮಾಡಿ ಸಿಸ್ಟರ್ ಎನ್ನಬೇಕಿತ್ತು. ಈಗ ಅದರ ಪರವಾಗಿ ಏನೆಂದು ಮಾತಾಡಲಿ?

"ಅದನ್ನ ತೆಗೆದ್ರೆ ಫುಲ್ ಕೋಟೆನೇ ತಗೊಂಡ್ಹೋಗ್ತೀನಿ," ಎಂದಳು ಮಗಳು. ಕಣ್ಣು ರೂಮಿನ ಬಾಗಿಲ ಕಡೆಗಿತ್ತು.

"ಅತ್ತೆ, ಮನೆ ಅಂದ್ಮೇಲೆ ಒಂದು ಇರ್ಬೇಕಲ್ವಾ," ಎಂದೆ ಮೆಲ್ಲಗೆ.

ಅತ್ತೆ ಸೊಂಟಕ್ಕೆ ಸಿಕ್ಕಿಸಿದ್ದ ಫೋನ್ ತೆಗೆದು ದಿಕ್ಸೂಚಿ ಹಾಕಿದರು. "ಇರ್ಲಿ. ಆದ್ರೆ ವಾಯವ್ಯದಲ್ಲಿರ್ಬೇಕು. ತಿರುಗ್ಸು."

ತಿರುಗಿಸಿದೆವು. ವಾಯವ್ಯ ಮೂಲೆ ನೇರ ನಮ್ಮ ಮುಂಬಾಗಿಲಿಗೆ ಬಂತು. ಅಂದರೆ ಕುಂಕುಮಕ್ಕೆ ಬಂದವರಿಗೆ ಚಪ್ಪಲಿ ಬಿಡುವಾಗಲೇ ಕಾಣುವುದು ಸೇತುವೆಯಲ್ಲ, ಅದು. ನಮ್ಮವರು ಕಾಫಿ ಲೋಟ ಹಿಡಿದು ಬಂದು ನೋಡಿ, ಹಾಗೇ ವಾಪಸ್ ಹೋದರು.

ಮೊದಲ ದಿನ ಸಂಜೆ ಹತ್ತಿರದ ಊರು ಸೌತ್‌ಲೇಕ್‌ನಿಂದ ಧಾರವಾಡದ ಆಂಟಿಯೊಬ್ಬರು ಬಂದರು. ದೇವರಿಗೆ ಕೈ ಮುಗಿದು, ಕೋಟೆಯ ಮುಂದೆ ಕೂತರು. ಮಗಳು ಹೋಗಿ ಪಕ್ಕದಲ್ಲಿ ನಿಂತಳು. ಕಿಂಡಿ, ಕಂದಕ, ಸೇತುವೆ ಎಲ್ಲ ಹೇಳಿ ಪೆಟ್ಟಿಗೆಗೆ ಬಂದಳು.

"ಅದೆಲ್ಲಾ ಖರೆ," ಎಂದರು ಆಂಟಿ. "ನೀರೆಲ್ಲೈತವಾ?"

"ನೋ ವಾಟರ್, ಆಂಟಿ. ಹುಲ್ಲು ಯೂಸ್ ಮಾಡ್ತಿದ್ರು."

"ರಾಜಾನೂ?"

"ಕಿಂಗ್ ಕೂಡ."

"ಅಯ್ಯ ಶಿವನ, ಕಿರೀಟ ಇಟ್ಕೊಂಡು ಏನ್ ಬಂತು," ಎಂದು ಆಂಟಿ ಉಸಲಿ ಬಟ್ಟಲು ಕೈಗೆತ್ತಿಕೊಂಡ ಮೇಲೆ ಯಾರಿಗೂ ನಗು ತಡೆಯಲಾಗಲಿಲ್ಲ. ಮಗಳೂ ನಕ್ಕಳು.

ಮರುದಿನ ಬೆಳಿಗ್ಗೆ ಪೆಟ್ಟಿಗೆಯ ಪಕ್ಕದಲ್ಲಿ ಉಗುರಿನಷ್ಟು ಪುಟ್ಟ ಹಿತ್ತಾಳೆ ಚೊಂಬು ಕೂತಿತ್ತು. ಅತ್ತೆ ಆಟದ ಅಡುಗೆ ಸಾಮಾನಿನಿಂದ ತೆಗೆದು ಇಟ್ಟಿದ್ದರು.

"ಅಜ್ಜಿ, ಇದು ಹಿಸ್ಟಾರಿಕಲಿ ರಾಂಗ್," ಎಂದಳು ಮಗಳು.

"ಕೋಟೆ ನಿಂದು, ಒಪ್ಕೊಂಡೆ. ಆದ್ರೆ ಅಲ್ಲಿರೋರು ಯಾರು? ನಮ್ಮ ಪಟ್ಟದ ರಾಜ-ರಾಣಿ. ಮೈಸೂರಿನವರು. ಹುಲ್ಲು ಅಂದ್ರೆ ಅವ್ರು ಒಂದು ದಿನಾನೂ ಇರಲ್ಲ ಕಣೆ."

ಮಗಳು ಮೆಟ್ಟಿಲ ಮೇಲಿನ ಗೊಂಬೆಗಳನ್ನು ನೋಡಿದಳು. ಚೊಂಬನ್ನು ಕೈಗೆತ್ತಿಕೊಂಡಳು. ಎಸೆಯುತ್ತಾಳೋ, ರೂಮಿಗೆ ಹೋಗುತ್ತಾಳೋ ಎಂದು ನಾನು ಸೌಟು ಹಿಡಿದೇ ನಿಂತಿದ್ದೆ. ಅವಳು ಕತ್ತರಿ ತಂದು, ಗೋಪುರದ ಗೋಡೆಯಲ್ಲಿ ಒಂದು ಪುಟ್ಟ ಗೂಡು ಕೊರೆಯತೊಡಗಿದಳು.

"ಚೊಂಬು ಯಾವ ಕೈಗೆ ಸಿಗ್ಬೇಕು ಅಜ್ಜಿ?" ಎಂದು ಕೇಳಿದಳು.