ದೊನ್ನಾ ಅಸ್ಸುಂತಾರ ಬುಟ್ಟಿ ಪರೀಕ್ಷೆ

ನೇಪಲ್ಸಿನಲ್ಲಿ ಕೆಲವು ತಿಂಗಳು ಮನೆ ಮಾಡಿಕೊಂಡಿರಲು ಬರುವವರು ಮೊದಲು ಗೆಲ್ಲಬೇಕಾದದ್ದು ನಮ್ಮ ಕಟ್ಟಡದ ನಾಲ್ಕನೇ ಮಹಡಿಯ ದೊನ್ನಾ, ಅಂದರೆ ಅಮ್ಮನವರು, ಅಸ್ಸುಂತಾರನ್ನು. ತಮ್ಮ ಎದುರಿನ ಮನೆಯನ್ನು ಬಾಡಿಗೆಗೆ ಕೊಡುವ ಈ ಮಹಾರಾಣಿ, ಫೋನಿನಲ್ಲಿ ಒಂದು ವಾರಕ್ಕೆ ಎಂದವರಿಗೆ "ಹಾಗಾದ್ರೆ ಹೋಟೆಲ್ಲಿಗೆ ಹೋಗಪ್ಪ" ಎಂದು ಫೋನ್ ಇಟ್ಟುಬಿಡುತ್ತಾರೆ. ಚಳಿಗಾಲ ಪೂರ್ತಿ ಎಂದವರಿಗೆ ಅವರ ದನಿ ಜೇನಾಗುತ್ತದೆ. ಬಂದವರನ್ನು ಪೆಟ್ಟಿಗೆ ಬಿಚ್ಚುವ ಮೊದಲೇ ತಮ್ಮ ಬಾಲ್ಕನಿಯಲ್ಲಿ ನಿಲ್ಲಿಸಿ, ಹಗ್ಗ ಕಟ್ಟಿದ ಬುಟ್ಟಿಯನ್ನು ಬೀದಿಗೆ ಇಳಿಸುತ್ತಾರೆ. ಕೆಳಗಿನ ಅಂಗಡಿಯವನಾದ ನಾನು ಬ್ರೆಡ್ಡು, ಮೊಟ್ಟೆ, ಆಲೂಗಡ್ಡೆ ತುಂಬಿದೊಡನೆ, ಬಂದವರಿಗೆ ಅದನ್ನು ಮೇಲಕ್ಕೆಳೆಯಲು ಅಪ್ಪಣೆಯಾಗುತ್ತದೆ. ಈ ಸಲ ಬಂದ ಡಚ್ ಮೇಷ್ಟ್ರು, "ನಾನೇ ಇಳಿದು ತರ್ತೀನಲ್ಲ, ದೊನ್ನಾ," ಎಂದರು. "ಮೆಟ್ಟಿಲು ಪ್ರವಾಸಿಗರಿಗೆ, ಇಲ್ಲಿ ಒಲೆ ಹಚ್ಚೋರಿಗೆ ಹಗ್ಗ. ಎಳಿ ಮಗನೇ, ಅದೇನು ಹಡಗಿನ ಲಂಗರಲ್ಲ." ಕಳೆದ ಚಳಿಗಾಲ ಆ ಮನೆ ಖಾಲಿಯಿತ್ತು. ಒಂದು ಬೆಳಿಗ್ಗೆ ದೊನ್ನಾ ತಾವೇ ಎಳೆಯುತ್ತಿದ್ದ ಬುಟ್ಟಿ ಎರಡನೇ ಮಹಡಿಯವರೆಗೆ ಏರಿ ಅಲ್ಲೇ ನಿಂತಿತು. ಏನಾಯ್ತೆಂದು ಕೂಗಿದರೆ, "ಬ್ರೆಡ್ಡು ಸ್ವಲ್ಪ ಗಾಳಿ ತಗೊಳ್ಳಲಿ ಬಿಡು," ಎಂದರು. ಹತ್ತಿ ಹೋಗಿ ನೋಡಿದೆ: ಹಗ್ಗವನ್ನು ಬಾಲ್ಕನಿಯ ಕಂಬಿಗೆ ಸುತ್ತಿದ್ದರು, ಊದಿದ ಬೆರಳುಗಳು ಅದನ್ನು ಹಿಡಿಯುತ್ತಲೇ ಇರಲಿಲ್ಲ, ಮೆಟ್ಟಿಲಿಳಿಯುವುದನ್ನಂತೂ ಅವರ ಮಂಡಿಗಳು ಎಂದೋ ಬಿಟ್ಟಿದ್ದವು. ಮೇಷ್ಟ್ರು ಈಗ ಒಂದು ಮೊಟ್ಟೆಯೂ ಬಿರುಕು ಬಿಡದಂತೆ ಎಳೆಯುತ್ತಾರೆ. ದೊನ್ನಾ ಮೊಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ತುಟಿ ಸೊಟ್ಟ ಮಾಡಿ, "ನಿನಗಿನ್ನೂ ಕೈ ಪಳಗಿಲ್ಲ. ನಾಳೆ ಮತ್ತೆ ಬಾ," ಎನ್ನುತ್ತಾರೆ.